ಹರಳಿನೊಳಗೆ ಉಳಿದ ಹಳೆಯ ದೇವರುಗಳು



ಮೂರು ರಾಯರ ಹಬ್ಬ ಬಂತೆಂದರೆ ಚಿನ್ನ, ಧೂಪ, ರಕ್ತಬೋಳಗಳ ಅರ್ಥವನ್ನು ನಾವು ಪ್ರತಿವರ್ಷವೂ ಪ್ರಬೋಧನೆಯಲ್ಲಿ ಕೇಳುತ್ತೇವೆ. ಆ ಮೂವರು ಜ್ಞಾನಿಗಳ ಪೂಜ್ಯಾವಶೇಷಗಳೆಂದು ಪರಂಪರೆಯಿಂದ ಗೌರವಿಸಲ್ಪಡುವ ಅಸ್ಥಿಗಳು ಜರ್ಮನಿಯ ಕಲೋನ್ ಪ್ರಧಾನಾಲಯದಲ್ಲಿವೆ ಎಂಬುದು ನಮ್ಮಲ್ಲಿ ಹಲವರಿಗೆ ಗೊತ್ತು. 1164ರಲ್ಲಿ ಮಹಾಧರ್ಮಾಧ್ಯಕ್ಷ ರೈನಾಲ್ಡ್ ಅವರು ಅವುಗಳನ್ನು ಮಿಲಾನ್ ನಗರದಿಂದ ತಂದರು. ಅವುಗಳಿಗಾಗಿ ನಿಕೊಲಾಸ್ ಆಫ್ ವರ್ಡನ್ ಎಂಬ ಅಕ್ಕಸಾಲಿಗನೂ ಅವನ ನಂತರದವರೂ ಸೇರಿ 1180ರ ದಶಕದಿಂದ ಸುಮಾರು 1225ರವರೆಗೆ ದುಡಿದು ಒಂದು ಚಿನ್ನದ ಮಂಜೂಷವನ್ನು ಮಾಡಿದರು. ದೇವಾಲಯದ ಆಕಾರದ ಆ ಪೆಟ್ಟಿಗೆ ಎರಡು ಮೀಟರಿಗಿಂತ ಉದ್ದ, ಒಂದೂವರೆ ಮೀಟರ್ ಎತ್ತರ. ಸುತ್ತಲೂ ಪ್ರವಾದಿಗಳು, ಪ್ರೇಷಿತರು. ಮುಂಭಾಗದಲ್ಲಿ ಮಾತೆ ಮರಿಯ ಮತ್ತು ಬಾಲಯೇಸು, ಕಾಣಿಕೆ ಹಿಡಿದು ಬರುವ ಮೂರು ರಾಯರು.

ಇಷ್ಟನ್ನು ಪ್ರವಾಸಿಗರ ಕೈಪಿಡಿಯೂ ಹೇಳುತ್ತದೆ. ನಾವು ಇಲ್ಲಿ ಹೇಳಹೊರಟಿರುವುದು ಆ ಚಿನ್ನದ ಮೇಲೆ ಕೂರಿಸಿದ ಹರಳುಗಳ ಕಥೆಯನ್ನು. ಸಾವಿರಕ್ಕೂ ಮಿಕ್ಕಿದ ಆ ಹರಳುಗಳ ಪೈಕಿ ಸುಮಾರು ಮುನ್ನೂರು, ಪೆಟ್ಟಿಗೆಗಿಂತ ಸಾವಿರ ವರ್ಷ ಹಳೆಯವು. ಗ್ರೀಕರೂ ರೋಮನರೂ ಕೆತ್ತಿದ ಕಲ್ಲುಗಳವು. ಅವುಗಳಲ್ಲಿ ದೇವದೇವತೆಗಳಿದ್ದಾರೆ, ವೀರರಿದ್ದಾರೆ, ಚಕ್ರವರ್ತಿಗಳಿದ್ದಾರೆ. ರಾಯರ ತಲೆಗಳಿರುವ ಮುಂಭಾಗದ ಫಲಕದಲ್ಲೇ ಯುದ್ಧದೇವತೆ ಮಾರ್ಸ್ ಮತ್ತು ಪ್ರೇಮದೇವತೆ ವೀನಸ್ ಜೊತೆಯಾಗಿ ನಿಂತ ಕಲ್ಲೊಂದಿದೆ. ಚಕ್ರವರ್ತಿ ನೀರೋನನ್ನು ತೋರುವ ಮತ್ತೊಂದು ಕಲ್ಲಿದೆ. ಕ್ರೈಸ್ತರನ್ನು ಹಿಂಸಿಸಿದ ಅದೇ ನೀರೋ! ಹಬ್ಬದ ದಿನ ಭಕ್ತರಿಗೆ ರಾಯರ ಶಿರಸ್ಸುಗಳ ದರ್ಶನ ಮಾಡಿಸಲು ತೆಗೆಯುತ್ತಿದ್ದುದು ಇದೇ ಫಲಕವನ್ನು.

ಇದು ಹೇಗಾಯಿತು? ವಿಗ್ರಹಾರಾಧನೆ ಒಲ್ಲೆವೆಂದು ಪ್ರಾಣ ಕೊಟ್ಟ ಜನರ ಮಕ್ಕಳು, ಅದೇ ದೇವತೆಗಳ ರೂಪಗಳನ್ನು ಪೂಜ್ಯಾವಶೇಷಗಳ ಪಕ್ಕದಲ್ಲಿ ಏಕೆ ಕೂರಿಸಿದರು? ತಿಳಿಯದೆಯೋ, ತಿಳಿದೋ?

ಮೊದಲು ಕಲ್ಲಿನ ಕೆಲಸವನ್ನು ನೋಡೋಣ. ಕೆತ್ತಿದ ಹರಳುಗಳಲ್ಲಿ ಎರಡು ಬಗೆ. ಚಿತ್ರವನ್ನು ಕಲ್ಲಿನೊಳಕ್ಕೆ ತಗ್ಗಾಗಿ ಕೊರೆದರೆ ಅದು ಇಂಟಾಲಿಯೊ. ಮೇಣದ ಮೇಲೆ ಒತ್ತಿದರೆ ಉಬ್ಬಿದ ಚಿತ್ರ ಮೂಡುತ್ತದೆ, ಆದ್ದರಿಂದ ಉಂಗುರದ ಮುದ್ರೆಗೆ ಅದೇ ಬೇಕು. ಚಿತ್ರ ಮೇಲಕ್ಕೆ ಉಬ್ಬುವಂತೆ ಸುತ್ತಲ ಕಲ್ಲನ್ನು ಸವೆಸಿ ತೆಗೆದರೆ ಅದು ಕ್ಯಾಮಿಯೊ. ಕ್ಯಾಮಿಯೊಗೆ ಒಂದರ ಮೇಲೊಂದು ಬೇರೆ ಬೇರೆ ಬಣ್ಣದ ಪದರಗಳಿರುವ ಕಲ್ಲು ಬೇಕು. ಬಿಳಿ ಪದರದಲ್ಲಿ ಮುಖ, ಕಂದು ಪದರದಲ್ಲಿ ಕೂದಲು ಅಥವಾ ಬಟ್ಟೆ, ಕಪ್ಪು ಪದರದಲ್ಲಿ ಹಿನ್ನೆಲೆ. ಹೀಗೆ ಬಣ್ಣ ಹಚ್ಚದೆಯೇ ಬಣ್ಣದ ಚಿತ್ರ. ಈ ಕಲ್ಲು ಉಕ್ಕಿನ ಉಳಿಗೆ ಬಗ್ಗುವಂಥದ್ದಲ್ಲ. ಬಿಲ್ಲಿನಿಂದ ತಿರುಗಿಸುವ ಬೈರಿಗೆಯ ತುದಿಗೆ ಎಣ್ಣೆಯಲ್ಲಿ ಕಲಸಿದ ಗಡಸು ಕಲ್ಲಿನ ಪುಡಿಯನ್ನು ಹಚ್ಚಿ ಕೊರೆಯಬೇಕು. ನಿಜವಾಗಿ ಕೊರೆಯುವುದು ಬೈರಿಗೆಯಲ್ಲ, ಆ ಪುಡಿ. ವಜ್ರದ ಚೂರುಗಳನ್ನು ಕಬ್ಬಿಣಕ್ಕೆ ಕೂರಿಸಿ ಬಳಸುತ್ತಿದ್ದರೆಂದು ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಉಗುರಿನಷ್ಟು ಜಾಗದಲ್ಲಿ ಒಬ್ಬ ದೇವತೆಯ ಮೈಯ ಸ್ನಾಯುಗಳೆಲ್ಲ ಕಾಣಬೇಕು. ಕೈ ಒಮ್ಮೆ ಜಾರಿದರೆ ತಿದ್ದುವ ಮಾತೇ ಇಲ್ಲ.

ಈ ಪದರಗಲ್ಲುಗಳ ಹೆಸರು ಸಾರ್ಡೋನಿಕ್ಸ್. ಪ್ರಕಟನಾ ಗ್ರಂಥದ 21ನೇ ಅಧ್ಯಾಯದಲ್ಲಿ ನೂತನ ಜೆರುಸಲೇಮಿನ ಅಸ್ತಿವಾರಗಳನ್ನು ಎಣಿಸುವಾಗ ಐದನೆಯದಾಗಿ ಬರುವ ಕಲ್ಲು ಇದೇ. ಇದು ಎಲ್ಲಿಂದ ಬರುತ್ತಿತ್ತು? ನಮ್ಮ ದೇಶದಿಂದ. ಭಾರತದಲ್ಲಿ ತೊರೆಗಳ ನೀರು ಮಣ್ಣನ್ನು ಕೊಚ್ಚಿದಾಗ ಈ ಕಲ್ಲುಗಳು ಹೊರಬೀಳುತ್ತವೆ, ಕತ್ತಿಯ ಹಿಡಿ ಮಾಡುವಷ್ಟು ದೊಡ್ಡವೂ ಸಿಗುತ್ತವೆ, ಆದರೆ ಅಲ್ಲಿನ ಜನರಿಗೆ ಅವುಗಳ ಬೆಲೆ ಗೊತ್ತಿಲ್ಲ ಎಂಬರ್ಥದಲ್ಲಿ ಪ್ಲಿನಿ ಬರೆಯುತ್ತಾನೆ. (ಬೆಲೆ ಗೊತ್ತಿಲ್ಲದವರೆಂದು ದೂರದವರು ನಮ್ಮನ್ನು ಕರೆಯುವುದು ಹೊಸ ಸಂಗತಿಯೇನಲ್ಲ!) ಮುದ್ರೆ ಒತ್ತಿದಾಗ ಮೇಣ ಅಂಟಿಕೊಳ್ಳದೆ ಬಿಟ್ಟುಕೊಡುವ ಕಲ್ಲು ಹೆಚ್ಚುಕಡಿಮೆ ಇದೊಂದೇ ಎಂದೂ ಅವನೇ ಹೇಳುತ್ತಾನೆ. ಅದೇ ಶತಮಾನದ ಒಬ್ಬ ಗ್ರೀಕ್ ವ್ಯಾಪಾರಿ ಬರೆದ ಎರಿತ್ರಿಯನ್ ಸಮುದ್ರದ ಕೈಪಿಡಿಯಲ್ಲಿ ಇನ್ನೂ ಖಚಿತವಾದ ಮಾತಿದೆ. ಪೈಠಣದಿಂದ ಬಂಡಿಗಳಲ್ಲಿ, ದಾರಿಯಿಲ್ಲದ ಕಡೆಗಳನ್ನೂ ದಾಟಿ, ಇಂಥ ಕಲ್ಲುಗಳು ಭರೂಚ್ ಬಂದರಿಗೆ ಹೇರಳವಾಗಿ ಬರುತ್ತಿದ್ದವಂತೆ. ಭರೂಚ್‌ನಿಂದ ಪೈಠಣಕ್ಕೆ ಇಪ್ಪತ್ತು ದಿನದ ಪ್ರಯಾಣ. ಪೈಠಣ ಗೋದಾವರಿಯ ದಡದ ಊರು, ಶಾತವಾಹನರ ರಾಜಧಾನಿ. ಕನ್ನಡನಾಡು ಗೋದಾವರಿಯವರೆಗೆ ಹಬ್ಬಿತ್ತೆಂದು ಕವಿರಾಜಮಾರ್ಗ ಹೇಳುವುದನ್ನು ಶಾಲೆಯಲ್ಲಿ ಓದಿದ ನಮಗೆ ಆ ನದಿ ತೀರಾ ದೂರದ್ದಲ್ಲ. ವ್ಯಾಪಾರದ ಪ್ರತಿಫಲವಾಗಿ ಬಂದ ರೋಮನ್ ನಾಣ್ಯಗಳು ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಬೆಂಗಳೂರಿನ ಯಶವಂತಪುರದಲ್ಲೂ ಸಿಕ್ಕಿವೆ. ಚಂದ್ರವಳ್ಳಿಯವುಗಳಲ್ಲಿ ತಿಬೇರಿಯನ ನಾಣ್ಯವೂ ಉಂಟು. ನಮ್ಮ ಪ್ರಭುವಿನ ಶಿಲುಬೆಯ ಕಾಲದಲ್ಲಿ ಆಳುತ್ತಿದ್ದ ಚಕ್ರವರ್ತಿ ಅವನು. ಅವನನ್ನು ಇನ್ನೊಮ್ಮೆ ಕಾಣುವುದಿದೆ.

ಈಗ ಧರ್ಮಸಭೆಯ ಕಡೆಗೆ ಬರೋಣ. ಸುಮಾರು ಕ್ರಿ.ಶ. 200ರಲ್ಲಿ ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಎಂಬ ಗುರು, ಕ್ರೈಸ್ತರು ಧರಿಸುವ ಮುದ್ರೆಯುಂಗುರದಲ್ಲಿ ಯಾವ ಚಿತ್ರವಿರಬೇಕು ಎಂಬುದನ್ನು ಬರೆದಿಟ್ಟಿದ್ದಾರೆ. ಪಾರಿವಾಳ ಇರಲಿ, ಮೀನು ಇರಲಿ, ಗಾಳಿಗೆ ಓಡುವ ಹಡಗು ಇರಲಿ, ವೀಣೆ ಅಥವಾ ಲಂಗರು ಇರಲಿ. ಬೆಸ್ತನಿದ್ದರೆ ಅವನನ್ನು ಕಂಡು ಪ್ರೇಷಿತರ ನೆನಪಾಗುತ್ತದೆ. ವಿಗ್ರಹಗಳ ಮುಖ ಬೇಡ. ಶಾಂತಿಯನ್ನು ಅರಸುವವನಿಗೆ ಕತ್ತಿ, ಬಿಲ್ಲು ಬೇಡ. ಮಿತವಾಗಿ ಬಾಳುವವನಿಗೆ ಮದ್ಯದ ಬಟ್ಟಲು ಬೇಡ. ಈ ಪಟ್ಟಿಯಲ್ಲಿ ಒಂದು ಜಾಣತನವಿದೆ. ಕ್ಲೆಮೆಂಟರು ಹೊಸ ಚಿತ್ರಗಳನ್ನು ಕೆತ್ತಿಸಿರಿ ಎಂದು ಹೇಳಲಿಲ್ಲ. ಲಂಗರು, ಹಡಗು, ವೀಣೆ, ಮೀನು ಇವೆಲ್ಲ ಅಂದಿನ ಅಂಗಡಿಗಳಲ್ಲಿ ಸಿಗುತ್ತಿದ್ದ ಸಾಮಾನ್ಯ ಚಿತ್ರಗಳೇ. ಅದೇ ಅಂಗಡಿಯಿಂದ ಕೊಳ್ಳಿರಿ, ಆದರೆ ಆರಿಸಿ ಕೊಳ್ಳಿರಿ, ಕೊಂಡದ್ದನ್ನು ನಿಮ್ಮ ವಿಶ್ವಾಸದ ಕಣ್ಣಿಂದ ನೋಡಿರಿ ಎಂಬುದು ಅವರ ಸಲಹೆ. ಶಿಲುಬೆಯ ಮೇಲಿನ ಕ್ರಿಸ್ತನನ್ನು ಹನ್ನೆರಡು ಪ್ರೇಷಿತರ ಸಹಿತ ಕೆತ್ತಿದ ಕೆಂಪು ಹರಳೊಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದು ಬಂದದ್ದು ಕ್ಲೆಮೆಂಟರ ಕಾಲದಿಂದ ನೂರಕ್ಕೂ ಹೆಚ್ಚು ವರ್ಷಗಳ ಮೇಲೆ, ನಾಲ್ಕನೆಯ ಶತಮಾನದಲ್ಲಿ.

ಸಂತ ಆಗುಸ್ತೀನರು ಇನ್ನೊಂದು ಬಾಗಿಲನ್ನು ತೆರೆದರು. ಇಸ್ರಯೇಲರು ಈಜಿಪ್ಟನ್ನು ಬಿಟ್ಟು ಹೊರಡುವಾಗ ಅಲ್ಲಿಯವರ ಬೆಳ್ಳಿಬಂಗಾರದ ಒಡವೆಗಳನ್ನು ಕೇಳಿ ಪಡೆದುಕೊಂಡರೆಂದು ವಿಮೋಚನಾಕಾಂಡದಲ್ಲಿ ಓದುತ್ತೇವಲ್ಲವೇ? ಹಾಗೆಯೇ ಅನ್ಯರ ವಿದ್ಯೆಯಲ್ಲಿ ಸತ್ಯವಾದುದನ್ನು, ಉಪಯುಕ್ತವಾದುದನ್ನು ಕ್ರೈಸ್ತರು ತಮ್ಮದಾಗಿಸಿಕೊಳ್ಳಬಹುದು ಎಂದು ಅವರು ವಾದಿಸಿದರು. ಅವರು ಹೇಳಿದ್ದು ಪುಸ್ತಕಗಳ ವಿಷಯದಲ್ಲಿ. ಆದರೆ ನಂತರದ ಶತಮಾನಗಳಲ್ಲಿ ಅಕ್ಕಸಾಲಿಗರು ಅದನ್ನು ಅಕ್ಷರಶಃ ಮಾಡಿ ತೋರಿಸಿದರು.

ಅದಕ್ಕೆ ಕಾರಣವೂ ಇತ್ತು. ರೋಮ್ ಸಾಮ್ರಾಜ್ಯ ಪಶ್ಚಿಮದಲ್ಲಿ ಕುಸಿದ ಮೇಲೆ ಅಂಥ ಹರಳು ಕೆತ್ತುವ ಕೈಗಳು ಅಲ್ಲಿ ಅಪರೂಪವಾದವು. ಹಳೆಯ ಕಲ್ಲುಗಳು ಮಾತ್ರ ಹೊಲ ಉಳುವಾಗ, ಪಾಳು ಅಗೆಯುವಾಗ ಸಿಗುತ್ತಿದ್ದವು, ರಾಜರ ಬೊಕ್ಕಸಗಳಲ್ಲಿ ಉಳಿದಿದ್ದವು. ಚಾರ್ಲ್‌ಮೇನ್ ಮಹಾರಾಜನ ಒಂದು ಮುದ್ರೆಯಲ್ಲಿ ಸೆರಾಪಿಸ್ ದೇವತೆಯ ತಲೆಯಿದೆ. ಆಕೆನ್ ಪ್ರಧಾನಾಲಯದಲ್ಲಿರುವ, ಸುಮಾರು 1000ನೇ ಇಸವಿಯ ಲೊಥೇರನ ಶಿಲುಬೆಯ ನಟ್ಟನಡುವೆ, ನಾವು ಕ್ರಿಸ್ತನನ್ನು ನಿರೀಕ್ಷಿಸುವ ಜಾಗದಲ್ಲಿ, ಔಗುಸ್ತ ಚಕ್ರವರ್ತಿಯ ಕ್ಯಾಮಿಯೊ ಇದೆ. ಕ್ರಿಸ್ತ ಹಿಂಬದಿಯಲ್ಲಿದ್ದಾನೆ, ಚಿನ್ನದ ತಗಡಿನ ಮೇಲೆ ಸರಳ ಗೆರೆಗಳಲ್ಲಿ. ಅದೇ ಶಿಲುಬೆಯಲ್ಲಿ ಗ್ರೀಕ್ ಪುರಾಣದ ಮೂವರು ಸುಂದರಿಯರನ್ನು ಕೆತ್ತಿದ ನೇರಳೆ ಹರಳೂ ಇದೆ.

ಕಲ್ಲುಗಳಿಗೆ ಹೊಸ ಹೆಸರು ಸಿಕ್ಕ ಪ್ರಸಂಗಗಳೇ ಬಹಳ ಸ್ವಾರಸ್ಯ. ಫ್ರಾನ್ಸಿನ ರಾಜ ಐದನೆಯ ಚಾರ್ಲ್ಸ್ 1367ರಲ್ಲಿ ಶಾರ್ತ್ರ್ ಪ್ರಧಾನಾಲಯಕ್ಕೆ ಒಂದು ಕ್ಯಾಮಿಯೊವನ್ನು ಅರ್ಪಿಸಿದ. ನಿಂತಿರುವ ಒಬ್ಬ ಗಡ್ಡದ ಪುರುಷ, ಪಾದದ ಬಳಿ ಒಂದು ಗರುಡಪಕ್ಷಿ. ರೋಮನರಿಗೆ ಅದು ಜ್ಯೂಪಿಟರ್, ದೇವತೆಗಳ ಒಡೆಯ. ಹದ್ದು ಅವನ ಹಕ್ಕಿ. ಆದರೆ ಹದ್ದು ಇನ್ನೊಬ್ಬರ ಗುರುತೂ ಹೌದಲ್ಲವೇ? ಶುಭಸಂದೇಶಕರ್ತ ಸಂತ ಯೊವಾನ್ನರು! ಹೀಗೆ ಜ್ಯೂಪಿಟರ್ ಯೊವಾನ್ನರಾಗಿ, ಚಿನ್ನದ ಚೌಕಟ್ಟಿನ ಮೇಲೆ ಶುಭಸಂದೇಶದ ವಾಕ್ಯಗಳನ್ನು ಬರೆಸಿಕೊಂಡು, ಮಾತೆ ಮರಿಯಮ್ಮನವರ ವಸ್ತ್ರವಿದ್ದ ಮಂಜೂಷದ ಮೇಲೆ ಕುಳಿತ. ಪ್ಯಾರಿಸ್ ಬಳಿಯ ಸಂತ ಡೆನಿಸರ ಮಠದಲ್ಲಿ ತಿಳಿನೀಲಿ ಅಕ್ವಾಮರೀನ್ ಕಲ್ಲಿನ ಮೇಲೆ ಒಬ್ಬ ರೋಮನ್ ರಾಜಕುಮಾರಿಯ ಮುಖವಿತ್ತು. ಚಕ್ರವರ್ತಿ ತೀತನ ಮಗಳು ಜೂಲಿಯಾ ಅವಳು. ಕೆತ್ತಿದವನು ಯೂಡೋಸ್, ತನ್ನ ಹೆಸರನ್ನೂ ಗ್ರೀಕ್ ಅಕ್ಷರಗಳಲ್ಲಿ ಕೊರೆದಿದ್ದಾನೆ. ಜೆರುಸಲೇಮಿನ ಮಹಾದೇವಾಲಯವನ್ನು ಸುಟ್ಟವನು ಅವಳ ತಂದೆ. ಮಠದವರು ಅವಳನ್ನು ಕನ್ಯಾಮಾತೆಯೆಂದು ಕಂಡರು.

ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಮಠದ ಕಥೆ ನಮ್ಮ ಮನಸ್ಸಿಗೆ ಇನ್ನೂ ಹತ್ತಿರ. ಅಲ್ಲಿ ಒಂದು ದೊಡ್ಡ ಕ್ಯಾಮಿಯೊ ಇತ್ತು. ಕೈಯಲ್ಲಿ ಈಟಿ ಹಿಡಿದ ಪುರುಷ, ಈಟಿಗೆ ಸುತ್ತಿಕೊಂಡು ಏರುವ ಹಾವು, ಕಾಲ ಬಳಿ ಹದ್ದು. ಮಠದ ಸನ್ಯಾಸಿ ಮ್ಯಾಥ್ಯೂ ಪ್ಯಾರಿಸ್ 1250ರ ದಶಕದಲ್ಲಿ ಅದರ ಚಿತ್ರ ಬರೆದು, ಅದನ್ನು ಯಾವುದಕ್ಕೆ ಬಳಸುತ್ತಿದ್ದರೆಂದೂ ಬರೆದಿಟ್ಟರು. ಹೆರಿಗೆಯ ನೋವಿನಲ್ಲಿರುವ ಹೆಂಗಸಿನ ಎದೆಯ ಮೇಲಿಟ್ಟು ಮೆಲ್ಲಮೆಲ್ಲನೆ ಕೆಳಕ್ಕೆ ಸರಿಸಿದರೆ ಮಗು ಸುಖವಾಗಿ ಹುಟ್ಟುವುದಂತೆ. ಸುತ್ತಲಿನ ಮನೆಗಳಿಗೆ ಮಠದವರು ಅದನ್ನು ಎರವಲು ಕೊಡುತ್ತಿದ್ದರು. ಹದಿನಾರನೆಯ ಶತಮಾನದಲ್ಲಿ ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದ ನಂತರ ಆ ಕಲ್ಲು ಮತ್ತೆ ಕಾಣಿಸಲಿಲ್ಲ. ಉಳಿದಿರುವುದು ಮ್ಯಾಥ್ಯೂ ಬರೆದ ಚಿತ್ರ ಮಾತ್ರ. ಯಾವ ದೇವತೆಯೆಂದು ಆ ಬಾಣಂತಿಯರು ಕೇಳಿರಲಾರರು. ಹೆರಿಗೆಯಲ್ಲಿ ತಾಯಂದಿರು ಸಾಯುವುದು ಸಾಮಾನ್ಯವಾಗಿದ್ದ ಆ ಕಾಲದಲ್ಲಿ, ಮಠದಿಂದ ಬಂದದ್ದು ಎಂಬುದೇ ಅವರಿಗೆ ಸಾಕಾಗಿತ್ತು.

ಇವೆಲ್ಲ ಅಜ್ಞಾನದ ಫಲವೆಂದು ನಗುವುದು ಸುಲಭ. ಎರಡು ಶತಮಾನಗಳಿಂದ ಅನೇಕ ಲೇಖಕರು ಹಾಗೆ ನಕ್ಕಿದ್ದಾರೆ. ನಮಗೆ ಅದು ಅರ್ಧಸತ್ಯವೆನಿಸುತ್ತದೆ. ಸಂತ ಡೆನಿಸರ ಮಠದಲ್ಲಿದ್ದ ಟಾಲೆಮಿಗಳ ಬಟ್ಟಲು ಎಂಬ ಸಾರ್ಡೋನಿಕ್ಸ್ ಪಾತ್ರೆಯನ್ನೇ ನೋಡಿ. ಎತ್ತರ ಎಂಟೂವರೆ ಸೆಂಟಿಮೀಟರಿಗೆ ತುಸು ಕಡಿಮೆ. ಅದರ ಮೈತುಂಬ ಮದ್ಯದೇವತೆ ಡಯನೈಸಸನ ಉತ್ಸವದ ವಸ್ತುಗಳು: ಮುಖವಾಡಗಳು, ಮೇಜಿನ ಮೇಲೆ ಪಾನಪಾತ್ರೆಗಳು, ಆಡುಗಳು, ಬಳ್ಳಿಗಳು. ಇದನ್ನು ಯಾವ ಸಂತರ ಕಥೆಯೆಂದು ತಿರುಗಿಸಿ ಹೇಳಲು ಸಾಧ್ಯ? ಆದರೂ ಅದಕ್ಕೆ ಚಿನ್ನದ ಪಾದ ಜೋಡಿಸಿ ಪೂಜಾಪಾತ್ರೆ ಮಾಡಿದರು. ಫ್ರಾನ್ಸಿನ ರಾಣಿಯರು ಪಟ್ಟಾಭಿಷೇಕದ ದಿನ ಪರಮಪ್ರಸಾದದ ನಂತರ ಅದರಿಂದ ದ್ರಾಕ್ಷಾರಸ ಕುಡಿಯುತ್ತಿದ್ದರು. ಕಂಡೂ ಕಂಡು ಮಾಡಿದ ಕೆಲಸವಿದು. ವಿಗ್ರಹಕ್ಕೆ ಅರ್ಪಿಸಿದ ನೈವೇದ್ಯದ ಬಗ್ಗೆ ಸಂತ ಪೌಲರು ಕೊರಿಂಥದವರಿಗೆ ಬರೆದುದು ಅವರಿಗೆ ಗೊತ್ತಿತ್ತು: ವಿಗ್ರಹ ಏನೂ ಅಲ್ಲ, ಆದರೆ ಬಲಹೀನನಾದ ಸಹೋದರ ಅದರಿಂದ ಎಡವಬಾರದು.

ಎಡವಿದವರೂ ಇದ್ದರು. ಸುಮಾರು 1013ರಲ್ಲಿ ಆಂಜೆರ್ ನಗರದ ಬರ್ನಾರ್ಡ್ ಎಂಬ ವಿದ್ವಾಂಸ ದಕ್ಷಿಣ ಫ್ರಾನ್ಸಿಗೆ ಯಾತ್ರೆ ಹೋದ. ಔರಿಯಾಕ್‌ನಲ್ಲಿ ಸಂತ ಜೆರಾಲ್ಡರ ಚಿನ್ನದ ಪ್ರತಿಮೆಯನ್ನು ಕಂಡು, ಜ್ಯೂಪಿಟರನೋ ಮಾರ್ಸನೋ ಇಂಥ ಪ್ರತಿಮೆಗೆ ಆಸೆಪಡದೆ ಇರುತ್ತಾರೆಯೇ ಎಂದು ಜೊತೆಗಾರನ ಕಿವಿಯಲ್ಲಿ ಲ್ಯಾಟಿನ್ ಭಾಷೆಯಲ್ಲಿ ಗೇಲಿ ಮಾಡಿದ. ಅಲ್ಲಿಂದ ಕೋಂಕ್ ಎಂಬ ಊರಿಗೆ ಬಂದ. ಹುತಾತ್ಮಳಾದ ಬಾಲೆ ಸಂತ ಫೋಯ್ ಅವರ ಅವಶೇಷವಿರುವ ಪ್ರತಿಮೆ ಅಲ್ಲಿದೆ. ಚಿನ್ನದ ಮೈ, ತಲೆ ರೋಮನರ ಕಾಲದ್ದು, ಒಡವೆಗಳಲ್ಲಿ ಹಳೆಯ ಕೆತ್ತಿದ ಹರಳುಗಳು. ಅದನ್ನೂ ಮೊದಲು ವೀನಸ್, ಡಯಾನಾಗಳ ಬೊಂಬೆಯಂತೆಯೇ ಕಂಡ. ಆದರೆ ಅದರ ಮುಂದೆ ಬಿದ್ದು ಅಳುವ ಜನರನ್ನು ಕಂಡ ಮೇಲೆ, ಅವರ ಮಾತು ಕೇಳಿದ ಮೇಲೆ, ತನ್ನ ಮಾತಿಗೆ ತಾನೇ ನಾಚಿ ಆ ಬಾಲೆಯ ಅದ್ಭುತಗಳ ಬಗ್ಗೆ ಪುಸ್ತಕವನ್ನೇ ಬರೆದ. ಇಲ್ಲಿ ಜನರು ಪೂಜಿಸುತ್ತಿರುವುದು ಲೋಹವನ್ನಲ್ಲ, ಹುತಾತ್ಮಳ ನೆನಪನ್ನು ಎಂಬ ತೀರ್ಮಾನಕ್ಕೆ ಬಂದ.

ಬೇರೆ ಕಾರಣಕ್ಕೆ ಸಿಟ್ಟಾದವರು ಕ್ಲೇರ್ವೋದ ಸಂತ ಬರ್ನಾರ್ಡರು. ಸುಮಾರು 1125ರಲ್ಲಿ ಅವರು ಬರೆದ ಪತ್ರದಲ್ಲಿ ಪ್ರಶ್ನೆ ದೇವತೆಗಳದ್ದಲ್ಲ, ಬಡವರದ್ದು. ದೇವಾಲಯದ ಗೋಡೆಗಳು ಚಿನ್ನ ಹೊದ್ದಿವೆ, ಅದರ ಮಕ್ಕಳು ಬೆತ್ತಲಾಗಿದ್ದಾರೆ ಎಂದು ಅವರು ಮೊನಚಾಗಿ ಬರೆದರು. ಅದೇ ಕಾಲದಲ್ಲಿ ಸಂತ ಡೆನಿಸರ ಮಠಾಧೀಶ ಸೂಜೇ ದೊಡ್ಡ ಶಿಲುಬೆಯೊಂದಕ್ಕೆ ಹರಳು ಹುಡುಕುತ್ತಿದ್ದರು. ದೇವರಿಗೆ ಕೊಡುವಾಗ ಅತ್ಯುತ್ತಮವಾದುದನ್ನೇ ಕೊಡಬೇಕೆಂಬುದು ಅವರ ನಂಬಿಕೆ. ಮೂರು ಮಠಗಳಿಂದ ರಾಶಿ ಹರಳುಗಳು ಮಾರಾಟಕ್ಕೆ ಬಂದವು, ನಾನೂರು ಪೌಂಡ್ ಕೊಟ್ಟು ಕೊಂಡೆವು, ಬೆಲೆ ಇನ್ನೂ ಹೆಚ್ಚಿತ್ತು ಎಂದು ಅವರೇ ಸಂತೋಷದಿಂದ ಬರೆದಿದ್ದಾರೆ. ಮಾರಿದವರಲ್ಲಿ ಸಂತ ಬರ್ನಾರ್ಡರ ಸಿಸ್ಟರ್ಸಿಯನ್ ಸಭೆಯ ಮಠಗಳೂ ಇದ್ದವು! ದಾನವಾಗಿ ಬಂದ ಹರಳುಗಳನ್ನು ಅವರು ಇಟ್ಟುಕೊಳ್ಳಲಿಲ್ಲ. ಈ ಇಬ್ಬರಲ್ಲಿ ಯಾರು ಸರಿ ಎಂಬ ಜಗಳ ನಮ್ಮ ಧರ್ಮಕೇಂದ್ರಗಳ ಕಟ್ಟಡ ಸಮಿತಿಗಳಲ್ಲಿ ಇಂದೂ ಮುಗಿದಿಲ್ಲವೆಂಬುದನ್ನು ಓದುಗರು ಬಲ್ಲರು.

ಕಲೋನಿನ ಆ ಫಲಕದಲ್ಲಿ ಮೂರನೆಯದೊಂದು ಕಲ್ಲಿತ್ತು, ಎಲ್ಲಕ್ಕಿಂತ ದೊಡ್ಡದು. ಅಂಗೈಯಗಲದ ಆ ಸಾರ್ಡೋನಿಕ್ಸಿನ ಮೇಲೆ ಇಬ್ಬರ ಮುಖಗಳು ಒಂದರ ಹಿಂದೊಂದು. ಹದಿಮೂರನೆಯ ಶತಮಾನದಲ್ಲಿ ಅದನ್ನು ಹತ್ತಿರದಿಂದ ಪರೀಕ್ಷಿಸಿದವರು ಸಂತ ಮಹಾ ಆಲ್ಬರ್ಟರು, 1941ರಲ್ಲಿ ವಿಜ್ಞಾನಿಗಳ ಪಾಲಕ ಸಂತರೆಂದು ಘೋಷಿತರಾದವರು. ಖನಿಜಗಳ ಬಗೆಗಿನ ತಮ್ಮ ಗ್ರಂಥದಲ್ಲಿ ಅವರು ಕಂಡದ್ದನ್ನು ಕಂಡ ಹಾಗೆ ಬರೆದಿದ್ದಾರೆ: ತೀರಾ ಬೆಳ್ಳಗಿನ ಎರಡು ಯುವಕರ ತಲೆಗಳು, ಕಪ್ಪು ಹಾವು, ಉದ್ದ ಗಡ್ಡದ ಕಪ್ಪು ಮನುಷ್ಯನ ಪುಟ್ಟ ತಲೆ. ಇದು ಗಾಜಿನ ಕೆಲಸವಿರಬಹುದೇ ಎಂದು ಅನುಮಾನಿಸಿ ಪರೀಕ್ಷಿಸಿದರು. ಗಾಜಲ್ಲ, ಕಲ್ಲೇ ಎಂದು ಖಚಿತವಾಯಿತು. ಹಾಗಿದ್ದರೆ ಈ ಚಿತ್ರ ಮನುಷ್ಯನ ಕೈಯದಲ್ಲ, ಪ್ರಕೃತಿಯೇ ಕಲ್ಲಿನಲ್ಲಿ ಮೂಡಿಸಿದ್ದು ಎಂದು ತರ್ಕಿಸಿದರು. ತೀರ್ಮಾನ ತಪ್ಪಿತು, ಆದರೆ ಪರೀಕ್ಷೆ ಸರಿಯಾಗಿತ್ತು. ಎರಡು ಬಿಳಿ ಮುಖ, ಒಂದು ಕಪ್ಪು ಮುಖ ಸೇರಿ ಮೂವರಾದರಲ್ಲ, ಮೂರು ರಾಯರೆಂದೇ ಅದನ್ನು ಆ ಜಾಗಕ್ಕೆ ಆರಿಸಿರಬೇಕೆಂದು ಈಗಿನ ಕೆಲವು ವಿದ್ವಾಂಸರು ಊಹಿಸುತ್ತಾರೆ. 1574ರಲ್ಲಿ ಆ ಕಲ್ಲು ಕಳುವಾಯಿತು. ಇಂದು ಅದು ವಿಯೆನ್ನಾದ ಕಲಾ ಇತಿಹಾಸ ಸಂಗ್ರಹಾಲಯದಲ್ಲಿದೆ. ಅಲ್ಲಿ ಅದಕ್ಕಿರುವ ಹೆಸರು ಈಜಿಪ್ಟಿನ ಗ್ರೀಕ್ ರಾಜ ಎರಡನೆಯ ಟಾಲೆಮಿ ಮತ್ತು ರಾಣಿ ಆರ್ಸಿನೋ. ಕಪ್ಪು ತಲೆ ಆಮೋನ್ ದೇವತೆಯದು.

ಹಳೆಯ ಹೆಸರುಗಳು ಮರಳಿದ್ದು ಹೀಗೆಯೇ, ಒಂದೊಂದಾಗಿ. ಇವೆಲ್ಲಕ್ಕಿಂತ ದೊಡ್ಡ ಕ್ಯಾಮಿಯೊ, 31 ಸೆಂಟಿಮೀಟರ್ ಎತ್ತರದ್ದು, ಪ್ಯಾರಿಸ್ಸಿನ ಸೇಂಟ್ ಶಾಪೆಲ್ ದೇವಾಲಯದಲ್ಲಿತ್ತು. ಸಿಂಹಾಸನದ ಮೇಲೆ ರಾಜ, ಎದುರಿಗೆ ಕವಚ ತೊಟ್ಟ ಯುವಕ, ಕೆಳಗೆ ಸೆರೆಯಾಳುಗಳು. ಫರೋಹನ ಆಸ್ಥಾನದಲ್ಲಿ ಜೋಸೆಫನ ವಿಜಯವೆಂದು ಶತಮಾನಗಳ ಕಾಲ ಜನ ನಂಬಿದ್ದರು. ಸುತ್ತಲೂ ನಾಲ್ವರು ಶುಭಸಂದೇಶಕರ್ತರ ಚೌಕಟ್ಟೂ ಇತ್ತು. 1343ರಲ್ಲಿ ರಾಜ ಆರನೆಯ ಫಿಲಿಪ್ ಹಣದ ಮುಗ್ಗಟ್ಟಿನಿಂದ ಅದನ್ನು ಜಗದ್ಗುರು ಆರನೆಯ ಕ್ಲೆಮೆಂಟರಲ್ಲಿ ಒತ್ತೆಯಿಟ್ಟ. 1620ರಲ್ಲಿ ಪೆಯ್ರೆಸ್ಕ್ ಎಂಬ ವಿದ್ವಾಂಸ ಅದನ್ನು ರೋಮನ್ ನಾಣ್ಯಗಳ ಮುಖಗಳೊಡನೆ ಹೋಲಿಸಿ ನೋಡಿದ. ಸಿಂಹಾಸನದ ಮೇಲಿದ್ದವನು ಫರೋಹನಲ್ಲ, ತಿಬೇರಿಯ. ಚಂದ್ರವಳ್ಳಿಯ ನಾಣ್ಯದ ತಿಬೇರಿಯ. ಮೇಲೆ ಸ್ವರ್ಗದಲ್ಲಿದ್ದವನು ದೇವರೆಂದು ಸಾರಲ್ಪಟ್ಟ ಔಗುಸ್ತ. ಪೆಯ್ರೆಸ್ಕ್ ಸ್ವತಃ ಧರ್ಮಶ್ರದ್ಧೆಯುಳ್ಳ ಕಥೋಲಿಕ. ನಿಜವನ್ನು ಹೇಳಿದ್ದಕ್ಕೆ ಅವನಿಗೆ ಯಾವ ತೊಂದರೆಯೂ ಆಗಲಿಲ್ಲ, ಕಲ್ಲನ್ನು ದೇವಾಲಯದಿಂದ ಯಾರೂ ತೆಗೆಸಲೂ ಇಲ್ಲ. ಅದನ್ನು ಅಲ್ಲಿಂದ ಹೊರತಂದದ್ದು ಫ್ರೆಂಚ್ ಕ್ರಾಂತಿ.

ಕ್ರಾಂತಿಯ ದಿನಗಳಲ್ಲಿ ಮಠಗಳ, ದೇವಾಲಯಗಳ ಹರಳುಗಳು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದ ನಾಣ್ಯ ಸಂಗ್ರಹಕ್ಕೆ ಬಂದವು. 1804ರ ಫೆಬ್ರವರಿಯಲ್ಲಿ ಕಳ್ಳರು ಅಲ್ಲಿಗೂ ನುಗ್ಗಿದರು. ತಿಬೇರಿಯನ ಕ್ಯಾಮಿಯೊ, ಡಯನೈಸಸನ ಬಟ್ಟಲು, ಸೂಜೇ ಅವರ ಪೂಜಾಪಾತ್ರೆ ಎಲ್ಲವೂ ಹೋದವು. ಮೊದಲೆರಡು ಆಮ್ಸ್ಟರ್‌ಡ್ಯಾಮಿನಲ್ಲಿ ಸಿಕ್ಕವು, ಆದರೆ ಬರಿಯ ಕಲ್ಲುಗಳಾಗಿ. ಚಿನ್ನಕ್ಕಾಗಿ ಕಳ್ಳರು ಚೌಕಟ್ಟುಗಳನ್ನು ಕರಗಿಸಿದ್ದರು. ನಾಲ್ವರು ಶುಭಸಂದೇಶಕರ್ತರೂ ಕುಲುಮೆಗೆ ಹೋದರು, ತಿಬೇರಿಯ ಉಳಿದ. ಸೂಜೇ ಅವರ ಪಾತ್ರೆ ಕೈಯಿಂದ ಕೈಗೆ ದಾಟಿ ಈಗ ಅಮೆರಿಕದ ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾಶಾಲೆಯಲ್ಲಿದೆ. ಶಾರ್ತ್ರ್ ಪ್ರಧಾನಾಲಯದ ಜ್ಯೂಪಿಟರನ ಚೌಕಟ್ಟು ಮಾತ್ರ ಹಾಗೆಯೇ ಉಳಿದಿದೆ. ಪ್ಯಾರಿಸ್ಸಿನ ಅದೇ ಸಂಗ್ರಹದಲ್ಲಿ, ರಾಜ ಐದನೆಯ ಚಾರ್ಲ್ಸ್ ಮಾಡಿಸಿದ ಚಿನ್ನದ ಅಂಚಿನೊಳಗೆ, ಶುಭಸಂದೇಶದ ಅಕ್ಷರಗಳ ನಡುವೆ ಅವನು ತನ್ನ ಹದ್ದಿನೊಂದಿಗೆ ನಿಂತಿದ್ದಾನೆ.